ಕೆಂಪು ಚುಕ್ಕೆಯ ಬೂಸ್ಟ್ ಪೆಡಲ್

ಗಿಟಾರ್ ಕೆಟ್ಟಿದೆ ಎಂದುಕೊಂಡೇ ಅವನು ಅದನ್ನು ಬಿಚ್ಚಿದ್ದ. ಸೌಂಡ್ ದಿನೇದಿನೇ ಕಮ್ಮಿಯಾಗುತ್ತಿದೆ, ಏನಾದರೂ ಮಾಡಿ ಎಂದಷ್ಟೇ ಹೇಳಿ ಅವಳು ರಿಪೇರಿ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದಳು. ವೈರು, ಬೆಸುಗೆ ಎಲ್ಲ ನೋಡಿದ. ಎಲ್ಲವೂ ಸರಿಯಿತ್ತು. ಸದ್ದು ಹಿಗ್ಗಿಸುವ ಆಂಪ್‌ಗೆ ಸಿಕ್ಕಿಸಿ ತಾನೇ ತಂತಿ ಮೀಟಿದರೆ ಕಿಟಕಿಯ ಗಾಜು ಗಡಗಡ ಎಂದಿತು.

"ಮೇಡಂ, ಗಿಟಾರ್‌ಗೆ ಏನೂ ಆಗಿಲ್ಲ."

"ಗೊತ್ತು," ಎಂದು ಅವಳು ಬಲಗೈ ಚಾಚಿದಳು. "ಆಗಿರೋದು ಇದಕ್ಕೆ."

ನೋಡಲು ಆ ಕೈಗೆ ಏನೂ ಆಗಿರಲಿಲ್ಲ. ಉದ್ದ ಬೆರಳುಗಳ ಚೆಂದದ ಕೈ. ಮಣಿಕಟ್ಟಿನಲ್ಲಿ ನರ ಅದುಮಿಕೊಂಡಿದೆಯಂತೆ. ಬೆರಳು ಹೇಳಿದ ಮಾತು ಕೇಳುತ್ತದೆ, ಆದರೆ ಮೀಟಲು ಕಸುವಿಲ್ಲ. ಬೆಳಗ್ಗೆ ಮಕ್ಕಳಿಗೆ ಗಿಟಾರ್ ಪಾಠ, ಸಂಜೆ ಒಂದು ಹೋಟೆಲಿನಲ್ಲಿ ನುಡಿಸುವುದು. ಈಚೆಗೆ ಅಲ್ಲಿ ಗಿಟಾರಿಗಿಂತ ಚಮಚದ ಸದ್ದೇ ಜೋರಾಗಿ ಕೇಳುತ್ತದೆ ಎಂದು ಅವಳು ನಕ್ಕಳು.

ಕೈಯನ್ನು ರಿಪೇರಿ ಮಾಡುವುದು ಅವನಿಗೆ ಗೊತ್ತಿರಲಿಲ್ಲ. ಮೆಲ್ಲಗೆ ಮೀಟಿದ್ದನ್ನು ಜೋರಾಗಿ ಕೇಳಿಸುವುದು ಗೊತ್ತಿತ್ತು. ಗಿಟಾರಿಗೂ ಆಂಪಿಗೂ ನಡುವೆ ಕೂರುವ ಒಂದು ಬೂಸ್ಟ್ ಪೆಡಲ್ ಮಾಡಿಕೊಡುತ್ತೇನೆ, ಕಾಲಲ್ಲಿ ಸ್ವಿಚ್ ಒತ್ತಿದರೆ ಸಾಕು ಎಂದ. ಮಾಡುವುದನ್ನು ನಾನೂ ನೋಡಬೇಕು ಎಂದು ಅವಳು ಹಟ ಹಿಡಿದಳು.

ಹಳೆಯ ಅಲ್ಯೂಮಿನಿಯಂ ಡಬ್ಬಿಯೊಂದಕ್ಕೆ ತೂತು ಕೊರೆದದ್ದಾಯಿತು. ಅವನು ಕಾದ ಬೆಸುಗೆ ಕಡ್ಡಿ ಹಿಡಿದರೆ ಅವಳು ಎಡಗೈಯಲ್ಲಿ ಬೆಸುಗೆಯ ತಂತಿ ಹಿಡಿದಳು. ಟ್ರಾನ್ಸಿಸ್ಟರ್ ಎಂದರೆ ಏನೋ ದೊಡ್ಡದು ಎಂದುಕೊಂಡಿದ್ದೆ, ಇದು ನೋಡಿದರೆ ಮೂರು ಕಾಲಿನ ಜಿರಳೆ ಎಂದಳು. ಬಾಗಿದ ಇಬ್ಬರ ತಲೆಗಳೂ ಒಮ್ಮೆ ಡಿಕ್ಕಿ ಹೊಡೆದವು. ಅವನು ಗಾಬರಿಯಾಗಿ ಸಾರಿ ಮೇಡಂ, ಸಾರಿ ಮೇಡಂ ಎಂದ.

"ಇನ್ನೊಂದ್ಸಲ ಮೇಡಂ ಅಂದ್ರೆ ಈ ಬಿಸಿ ಬೆಸುಗೆ ನಿಮ್ಮ ಕೈ ಮೇಲೆ ಬೀಳುತ್ತೆ."

ಅಂದಿನಿಂದ ಅವಳು ಅವನಿಗೆ ಟೀಚರ್ ಆದಳು, ಅವನು ಅವಳಿಗೆ ಮಿಸ್ತ್ರಿಯಾದ. ನೀವು ಎನ್ನುವುದು ಯಾವಾಗ ನೀನು ಆಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಡಬ್ಬಿಯ ಮೇಲೆ ತಿರುಗಿಸಲು ಒಂದೇ ನಾಬ್. ಮೊದಲ ದಿನ ಅದನ್ನು ಅರ್ಧ ತಿರುಗಿಸುವಷ್ಟರಲ್ಲಿ ಅವಳು ನುಡಿಸಿದ್ದು ಅಂಗಡಿ ತುಂಬಿತು. ಅವಳು ಬ್ಯಾಗಿನಿಂದ ನೇಲ್ ಪಾಲಿಶ್ ತೆಗೆದು, ನಾಬ್ ನಿಂತ ಜಾಗಕ್ಕಿಂತ ಸ್ವಲ್ಪ ಮುಂದೆ ಒಂದು ಕೆಂಪು ಚುಕ್ಕೆ ಇಟ್ಟಳು. ಇದು ಲಕ್ಷ್ಮಣರೇಖೆ, ದಾಟುವ ಹಾಗಿಲ್ಲ ಎಂದಳು. ಕಲಾವಿದರ ಹುಚ್ಚು ಒಂದೇ ಎರಡೇ ಎಂದುಕೊಂಡ ಅವನು.

ಬ್ಯಾಟರಿ ಬದಲಿಸಲು ಅವಳು ಮತ್ತೆ ಬಂದಾಗ ನಾಬ್ ಚುಕ್ಕೆಗೆ ತಾಗಿಕೊಂಡಿತ್ತು. ಅವಳು ಆ ಚುಕ್ಕೆಯನ್ನೇ ನೋಡುತ್ತಿದ್ದಳು. ಮುಖ ಸುಣ್ಣದಂತೆ ಬಿಳಿಚಿತ್ತು.

ಡಬ್ಬಿಯ ಒಳಗೆ, ಬೋರ್ಡಿನ ಮೇಲೆ, ಇನ್ನೊಂದು ಪುಟ್ಟ ಸ್ಕ್ರೂ ಇತ್ತು. ಪೆಡಲಿನ ಒಟ್ಟು ಜೋರು ಎಷ್ಟಿರಬೇಕೆಂದು ಮಾಡಿದವನು ಒಮ್ಮೆ ತಿರುಗಿಸಿ ಮುಚ್ಚಿಬಿಡುವಂಥದ್ದು. ಅವನು ಬ್ಯಾಟರಿ ಹಾಕುವ ನೆಪದಲ್ಲಿ ಅದನ್ನು ಜೋರಿನ ಕಡೆಗೆ ಒಂದಿಷ್ಟು ತಿರುಗಿಸಿದ. ಹಳೇ ಬ್ಯಾಟರಿ ಸತ್ತಿತ್ತು ಟೀಚರ್, ಅದಕ್ಕೇ ಹಾಗಾಗಿತ್ತು ಎಂದ. ಅವಳು ನುಡಿಸಿ ನೋಡಿದಳು, ನಾಬ್ ಮತ್ತೆ ಅರ್ಧಕ್ಕಿದ್ದರೇ ಸಾಕಾಯಿತು. ಅವಳಿಗೆ ಹೋದ ಜೀವ ಬಂದಂತಾಯಿತು. ಆ ಖುಷಿಯಲ್ಲಿ ಅವನ ಕೆನ್ನೆ ಹಿಂಡಿ ಹೋದಳು. ಅವನು ಆ ಕೆನ್ನೆ ಮುಟ್ಟಿಕೊಳ್ಳುತ್ತ ಇಡೀ ಮಧ್ಯಾಹ್ನ ಕಳೆದ.

ಒಂದು ಸಲ ಮಾಡಿದ್ದು ಅಭ್ಯಾಸವಾಯಿತು. ಬ್ಯಾಟರಿ ಬದಲಿಸಿದಾಗಲೆಲ್ಲ ಸ್ಕ್ರೂ ತಿರುಗಿತು. ಸ್ಪೀಕರಿನಲ್ಲಿ ಬುಸ್ಸೆನ್ನುವ ಸದ್ದು ಹೆಚ್ಚಾಗಿದೆ ಎಂದು ಅವಳು ದೂರಿದರೆ, ಹೋಟೆಲಿನ ವೈರಿಂಗ್ ಸರಿಯಿಲ್ಲ ಎಂದ. ಅವಳ ಕೈಯಿಂದ ಲೋಟ ಜಾರಿದ್ದನ್ನು ಕಂಡ. ಕೋಟಿನ ಗುಂಡಿಗೆ ಅವಳು ತಡಕಾಡುವಾಗ ತಾನೇ ಹಾಕಿಕೊಟ್ಟ. ಚಳಿಗೆ ಬೆರಳು ಮರಗಟ್ಟಿದೆ ಎಂದಳು, ಹೌದೆಂದ. ಪ್ರೀತಿಯಲ್ಲಿ ಬಿದ್ದವನಿಗೆ ಕಣ್ಣು ಇರುತ್ತದೆ, ಆದರೆ ಅದು ಬೇಕಾದ್ದನ್ನು ಮಾತ್ರ ನೋಡುತ್ತದೆ.

ಮೋಡ ಕವಿದ ಒಂದು ಸಂಜೆ ಅವಳು ಉಲ್ಲಾಸದಿಂದ ಬಂದಳು. ಮನೆಯಲ್ಲಿ ಅಕ್ಕನ ಜೊತೆ ಜಗಳವಾಡಿ ಗೆದ್ದಿದ್ದಳಂತೆ. ಡಾಕ್ಟರ ಹತ್ತಿರ ಹೋಗು ಎಂದು ಅಕ್ಕ ಪ್ರಾಣ ತಿನ್ನುತ್ತಿದ್ದಳಂತೆ.

"ಶಕ್ತಿ ಕಮ್ಮಿಯಾಗ್ತಿದೆ ಅನ್ಸಿದ ತಕ್ಷಣ ಬನ್ನಿ, ಆಪರೇಷನ್ ಮಾಡ್ತೀವಿ, ತಡ ಮಾಡಿದ್ರೆ ಹೋಗಿದ್ದು ವಾಪಸ್ ಬರಲ್ಲ ಅಂತ ಡಾಕ್ಟರ್ ಅಂದಿದ್ರು. ಅದಕ್ಕೇ ಅಲ್ವಾ ನಾನು ಚುಕ್ಕೆ ಇಟ್ಟಿದ್ದು? ಕೈ ಸೋತ್ರೆ ನಾಬ್ ಚುಕ್ಕೆ ದಾಟ್ಬೇಕಾಗುತ್ತೆ. ಅಕ್ಕಂಗೆ ತೋರಿಸ್ದೆ, ನೋಡು, ದಾಟೇ ಇಲ್ಲ ಅಂತ."

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಎಂಬ ಗಾದೆ ಅವನಿಗೆ ಗೊತ್ತಿತ್ತು. ಒದೆಸಿಕೊಳ್ಳುವುದೇ ಮೇಲು ಎನಿಸಿತು. ಡಬ್ಬಿ ಬಿಚ್ಚಿ ಸ್ಕ್ರೂ ತೋರಿಸಿದ. ಎಲ್ಲ ಹೇಳಿದ.

ಅವಳು ಕೂಗಾಡಲಿಲ್ಲ. ಅದನ್ನು ಮೊದಲಿನ ಜಾಗಕ್ಕೆ ತಿರುಗಿಸು ಎಂದಳು. ಅವನು ತಿರುಗಿಸಿದ. ಅವಳು ನುಡಿಸಿದಳು. ತಂತಿಗೆ ಉಗುರು ತಾಗುವ ಟಕಟಕ ಬಿಟ್ಟರೆ ಹೆಚ್ಚೇನೂ ಕೇಳಿಸಲಿಲ್ಲ.

"ನಿನ್ನ ಮುಖ ಬಾಡೋದು ನೋಡೋಕಾಗ್ಲಿಲ್ಲ," ಎಂದ ಅವನು. "ನಿನ್ನ ಕಂಡ್ರೆ ನಂಗೆ ಪ್ರಾಣ."

"ಕೈ ಸುಳ್ಳು ಹೇಳಿರ್ಲಿಲ್ಲ ಮಿಸ್ತ್ರಿ. ಲೋಟ ಜಾರಿದಾಗೆಲ್ಲ ಹೇಳ್ತಾನೇ ಇತ್ತು. ನಾನು ಅದನ್ನ ಬಿಟ್ಟು ನಿನ್ನ ನಂಬಿದೆ."

ಪೆಡಲನ್ನು ಬೆಂಚಿನ ಮೇಲೆಯೇ ಬಿಟ್ಟು ಹೋದಳು.

ಆಪರೇಷನ್ನಿನ ದಿನ ಅವನು ಆಸ್ಪತ್ರೆಗೆ ಹೋದ. ವಾರ್ಡಿನ ಬಾಗಿಲಲ್ಲೇ ಅಕ್ಕ ತಡೆದಳು. ಬೈಯಲಿಲ್ಲ. ಬರೋದಿದ್ದರೆ ಅವಳೇ ಬರುತ್ತಾಳೆ, ನೀವು ಹೋಗಿ ಎಂದಳು. ಬೈದಿದ್ದರೆ ವಾಸಿಯಿತ್ತು. ಅಂಗಡಿಯಲ್ಲಿ ಕೆಲಸ ರಾಶಿ ಬಿದ್ದಿತು. ಕೆಟ್ಟುಹೋದ ರೇಡಿಯೋ ಮುಂದೆ ಅವನು ಸುಮ್ಮನೆ ಕೂತಿರುತ್ತಿದ್ದ. ತನ್ನ ಒಳ್ಳೆಯತನವೇ ಅವಳ ಕೈ ತಿಂದುಹಾಕಿತು ಎಂಬ ಯೋಚನೆ ಅವನನ್ನು ಊಟಕ್ಕೂ ಬಿಡಲಿಲ್ಲ.

ಚಳಿ ಕಳೆದ ಮೇಲೆ ಅವಳು ಬಂದಳು. ಮಣಿಕಟ್ಟಿನಲ್ಲಿ ಹೊಲಿಗೆಯ ಗುರುತು, ಹೆಬ್ಬೆರಳಿನ ಬುಡ ಬತ್ತಿತ್ತು. ನೋವು ಹೋಗಿದೆ, ಬಲ ಪೂರ್ತಿ ಬರುವುದಿಲ್ಲವಂತೆ, ಹೋಟೆಲಿನವರು ಬೇರೆಯವರನ್ನು ಇಟ್ಟುಕೊಂಡರು ಎಂದು ಹೇಳಿದಳು. ಆಮೇಲೆ ಗಿಟಾರ್ ತೆಗೆದು ಸೀದಾ ಆಂಪ್‌ಗೆ ಸಿಕ್ಕಿಸಿ, ಮಕ್ಕಳಿಗೆ ಮೊದಲು ಕಲಿಸುವ ಸಣ್ಣ ಪಾಠವೊಂದನ್ನು ನುಡಿಸಿದಳು.

"ಹೇಗಿತ್ತು?"

ಚೆನ್ನಾಗಿತ್ತು ಎಂಬ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಕಣ್ಣು ಅವನ ಮುಖದ ಮೇಲೆ ನೆಟ್ಟಿತ್ತು.

"ದಪ್ಪ ತಂತಿ ಎರಡೂ ಕೇಳಿಸ್ಲೇ ಇಲ್ಲ," ಎಂದ. "ಕೊನೇಲಿ ತಾಳ ತಪ್ತು."

ಅವಳ ಕಣ್ಣು ತುಂಬಿ ಬಂತು. ಗಿಟಾರಿನ ಮೇಲೆ ತಲೆಯಿಟ್ಟು ತುಂಬ ಹೊತ್ತು ಅತ್ತಳು. ಅವನು ಪಕ್ಕದಲ್ಲಿ ಕೂತ.

"ದಿನಾ ಹೀಗೇ ಹೇಳ್ತೀಯಾ?"

"ಹೇಳ್ತೀನಿ."

"ದಿನಾ ಅಂದ್ರೆ ಒಂದೇ ಮನೇಲಿರ್ಬೇಕಾಗುತ್ತೆ. ಯೋಚ್ನೆ ಮಾಡಿ ಹೇಳು."

ಅವನು ಯೋಚನೆಯನ್ನೂ ಮಾಡದೆ ಹೂಂ ಎಂದ. ಅವಳು ಕಣ್ಣೊರೆಸಿಕೊಂಡು, ತಾಳ ತಪ್ಪಿದ್ದು ಎಲ್ಲಿ ಎಂದು ಕೇಳಿ ಮತ್ತೆ ಮೊದಲಿನಿಂದ ನುಡಿಸತೊಡಗಿದಳು.