ಕುದಿಸಿದ ನೀರು

ಮಂಗಳವಾರ ಬೆಳಿಗ್ಗೆ 9.40ಕ್ಕೆ ಪಕ್ಕದ ಹಳ್ಳಿಯ ನವೀದ್ ಗೌರಿಬಿದನೂರಿನ ಠಾಣೆಗೆ ಓಡಿ ಬಂದ. ಕಾಲಲ್ಲಿ ಒಂದೇ ಚಪ್ಪಲಿ.

"ಮೇಡಂ, ನನ್ನ ಮಗೂಗೆ ಯಾರೋ ವಿಷ ಹಾಕಿದ್ದಾರೆ. ನೀಲಿ ಆಗೋಗಿದೆ!"

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಅಮೃತ ಆಸ್ಪತ್ರೆಗೆ ಹೋದರು. ಎರಡು ತಿಂಗಳ ಇಫ್ರಾಳ ಮೂಗಿಗೆ ಆಕ್ಸಿಜನ್ ನಳಿಕೆ ಇತ್ತು. ಆದರೂ ತುಟಿ ನೇರಳೆ ಹಣ್ಣು ತಿಂದ ಹಾಗೆ. ವೈದ್ಯರು ಸಿರಿಂಜ್ ಎತ್ತಿ ತೋರಿಸಿದರು. ರಕ್ತ ಕೆಂಪಗಿರಲಿಲ್ಲ, ಚಾಕೊಲೇಟ್ ಬಣ್ಣ.

"ರಕ್ತದಲ್ಲಿರೋ ಕಬ್ಬಿಣದ ಗುಣ ಕೆಟ್ಟಿದೆ. ಮೆಥೆಮೊಗ್ಲೋಬಿನ್ ಅಂತೀವಿ. ಎಷ್ಟು ಆಕ್ಸಿಜನ್ ಕೊಟ್ರೂ ಹೊತ್ಕೊಳಲ್ಲ. ಮೆಥಿಲೀನ್ ಬ್ಲೂ ಇಂಜೆಕ್ಷನ್ ಚಿಕ್ಕಬಳ್ಳಾಪುರದಿಂದ ಬರ್ತಿದೆ. ನೀವು ಮೊದಲು ನೀರು ನೋಡಿ, ಗೊಬ್ಬರದಿಂದ ಇಳಿದ ನೈಟ್ರೇಟ್ ಇರಬಹುದು."

ನವೀದನ ಬೀದಿಯಲ್ಲಿ ಬಾಟಲಿ ಹಾಲಿನ ಕೂಸುಗಳು ಇನ್ನೂ ಮೂರಿದ್ದವು.

11.15ಕ್ಕೆ ಮನೆಯಲ್ಲಿ ಪಂಚನಾಮೆ ನಡೆಯಿತು. ಹಾಲಿನ ಪುಡಿ, ಬಾಟಲಿ, ಪಾತ್ರೆಗೆ ಸೀಲು ಬಿತ್ತು. ಬಾಗಿಲಲ್ಲಿ ನಿಂತ ನೆರೆಯವರು ಅಜ್ಜಿ ಬಿಸ್ಮಿಲ್ಲಾ ಬೀಯನ್ನೇ ನೋಡುತ್ತಿದ್ದರು. ಹಾಲು ಕಲಸುತ್ತಿದ್ದವಳು ಅವಳೇ.

"ನೀರು ಎಲ್ಲಿಂದಮ್ಮ?"

"ಶ್ಯಾಮಲಮ್ಮನ ಫಿಲ್ಟರಿಂದು, ಬೇಟಿ. ಅದೂ ಸಾಲ್ದು ಅಂತ ಅರ್ಧ ಆಗೋವರ್ಗೂ ಕುದಿಸ್ತೀನಿ. ಹುಷಾರಾಗೇ ಮಾಡ್ದೆ!"

ಅಮೃತ ಹೊರಗೆ ಬಂದು ವೈದ್ಯರಿಗೆ ಫೋನ್ ಮಾಡಿದರು. ಕುದಿಸಿದರೆ ಕ್ರಿಮಿ ಸಾಯುತ್ತದೆ, ನೈಟ್ರೇಟ್ ಸಾಯುವುದಿಲ್ಲ ಎಂದರು ವೈದ್ಯರು. ನೀರು ಇಂಗಿದಷ್ಟೂ ಉಳಿದ ನೀರಲ್ಲಿ ಅದು ಗಟ್ಟಿಯಾಗುತ್ತದೆ. ಆ ಮಾತನ್ನು ಅಮೃತ ಅಜ್ಜಿಗೆ ಹೇಳಲಿಲ್ಲ.

ಕಾನ್‌ಸ್ಟೇಬಲ್ ವೆಂಕಟರವಣಪ್ಪ ಮೈಕ್ ಹಿಡಿದು ಬೀದಿ ಬೀದಿ ಕೂಗಿದ: "ಫಿಲ್ಟರ್ ನೀರು ಮಕ್ಕಳಿಗೆ ಕೊಡಬ್ಯಾಡ್ರಮ್ಮ!" ಹೆಂಗಸರು ಕೂಸುಗಳ ತುಟಿ ಬೆಳಕಿಗೆ ಹಿಡಿದು ನೋಡತೊಡಗಿದರು.

ಘಟಕದ ಮೇಲೆ 'ಶ್ಯಾಮಲಮ್ಮ ಸ್ಮಾರಕ ಶುದ್ಧ ನೀರು' ಎಂಬ ಫಲಕ, ಒಳಗೆ ಅವಳ ಫೋಟೊ. ನಡೆಸುವವನು ಮಗ ಮೋಹನ್‌ಬಾಬು. ಬೋರ್‌ವೆಲ್ ಪೈಪು ಫಿಲ್ಟರಿಗೆ ಹೋಗದೆ ನೇರ ನಲ್ಲಿಗೇ ಸೇರಿತ್ತು. 2.30ಕ್ಕೆ ಆ ನಲ್ಲಿ ನೀರಿನ ಪ್ರಯೋಗಾಲಯದ ವರದಿ ಬಂತು: ನೈಟ್ರೇಟ್ ಮಿತಿಯ ನಾಲ್ಕು ಪಟ್ಟು.

"ಫಿಲ್ಟರ್ ಯಾವಾಗ ಕೆಡ್ತು?"

"ಕೆಟ್ಟಿಲ್ಲ ಮೇಡಂ."

ಅಷ್ಟರಲ್ಲಿ ಅವನ ಮನೆಯ ತೊಟ್ಟಿಲ ಪಕ್ಕದಿಂದ ವೆಂಕಟರವಣಪ್ಪ ಒಂದು ನೀರಿನ ಕ್ಯಾನ್ ಹೊತ್ತು ತಂದ. ಮೇಲೆ ಪೇಟೆ ಅಂಗಡಿಯ ಚೀಟಿ.

"ಏಮಪ್ಪಾ, ಊರಿಗೆಲ್ಲಾ ನೀರು ಕೊಡೋನ ಮೊಮ್ಮಗೂಗೆ ಗೌರಿಬಿದನೂರಿಂದ ನೀರಾ?"

ಮೋಹನ್‌ಬಾಬು ತಾಯಿಯ ಫೋಟೊ ಹಿಂದಿನಿಂದ ಮೂರು ತಿಂಗಳ ಹಳೆಯ ಪರೀಕ್ಷಾ ವರದಿ ತೆಗೆದುಕೊಟ್ಟ. 'ಶಿಶುಗಳಿಗೆ ಕೊಡಬಾರದು' ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು.

4.50ಕ್ಕೆ ಬಂಧನ. ಜೀಪಿನ ಬಳಿ ಅವನು ಕೇಳಿದ, "ಮಗು?"

"ಇಂಜೆಕ್ಷನ್ ಬಿತ್ತು. ತುಟಿ ಕೆಂಪಾಗ್ತಿದೆಯಂತೆ."

ಅವನು ಅತ್ತ. ಹೆದ್ದಾರಿ ದಾಟಿ ನೀರು ತರುವಾಗ ಲಾರಿ ಬಡಿದು ಶ್ಯಾಮಲಮ್ಮ ಸತ್ತಿದ್ದಳು. ಇನ್ಯಾರೂ ಹಾಗೆ ಹೋಗಬಾರದೆಂದು ಊರವರು ಕಟ್ಟಿಸಿದ ಘಟಕವಿದು.

"ಅಮ್ಮನ ಹೆಸರಿನ ಕೆಳಗೆ ಕೆಟ್ಟಿದೆ ಅಂತ ಬರಿಯಕ್ಕೆ ಕೈ ಬರ್ಲಿಲ್ಲ ಮೇಡಂ."

ವೆಂಕಟರವಣಪ್ಪ ಘಟಕಕ್ಕೆ ಬೀಗ ಹಾಕಿದ. ಆಮೇಲೆ ಸೀಮೆಸುಣ್ಣ ತೆಗೆದು, ಆ ಹೆಸರಿನ ಕೆಳಗೆ ದೊಡ್ಡದಾಗಿ ಬರೆದ: ಕುಡಿಯಬೇಡಿ.