ಹತ್ತು ಕಂಪ್ಯೂಟರಿಗೆ ಒಂದೇ ಪ್ರತಿ

ಇಲಾಖೆ ಹತ್ತು ಕಂಪ್ಯೂಟರ್ ಕೊಟ್ಟಿತು, ಒಳಗೆ ತುಂಬಲು ಸಾಫ್ಟ್‌ವೇರ್ ಕೊಡಲಿಲ್ಲ. ಸುಂಟಿಕೊಪ್ಪದ ಹತ್ತಿರದ ಆ ಸರ್ಕಾರಿ ಶಾಲೆಯ ಮುಖ್ಯಶಿಕ್ಷಕ ತೀರ್ಥಪ್ರಸಾದರು ಮೂರು ಪತ್ರ ಬರೆದರು, ಒಂದಕ್ಕೂ ಉತ್ತರವಿಲ್ಲ. ಕೊನೆಗೆ ಮೂರ್ನಾಡಿನ ಕಂಪ್ಯೂಟರ್ ಅಂಗಡಿಯ ಮಿಲನ್ ಬಂದು, ಒಂದೇ ಕಳ್ಳ ಪ್ರತಿಯನ್ನು ಹತ್ತಕ್ಕೂ ಪುಕ್ಕಟೆ ತುಂಬಿಕೊಟ್ಟ. ಈಗ ಎರಡು ವರ್ಷದ ಮೇಲೆ ಅದೇ ಇಲಾಖೆಯಿಂದ ಸುತ್ತೋಲೆ: ಸೋಮವಾರ ತಪಾಸಣೆ, ಪರವಾನಗಿ ಇಲ್ಲದ ಸಾಫ್ಟ್‌ವೇರ್ ಸಿಕ್ಕರೆ ಮುಖ್ಯಶಿಕ್ಷಕರೇ ಹೊಣೆ. ಹನ್ನೊಂದು ವರ್ಷ ಕಾದ ಮೇಲೆ ಮಡಿಕೇರಿಗೆ ವರ್ಗವಾಗುವ ಪಟ್ಟಿಯಲ್ಲಿ ತೀರ್ಥಪ್ರಸಾದರ ಹೆಸರು ಮೊದಲು ಬಂದಿತ್ತು. ಒಂದು ನೋಟಿಸ್ ಬಂದರೆ ಎಲ್ಲ ನೀರುಪಾಲು.

ಸಿಕ್ಕಿಬೀಳುವ ಕಳ್ಳರೆಲ್ಲ ಅವಸರಗೇಡಿಗಳು ಎಂಬುದು ಅವರ ಅಭಿಪ್ರಾಯ. ಆದ್ದರಿಂದ ಅವರು ಕೂತು ಪಟ್ಟಿ ಮಾಡಿದರು. ಶನಿವಾರ ಬೆಳಗಿನ ತರಗತಿ ಮುಗಿದದ್ದೇ ಹತ್ತನ್ನೂ ಅಳಿಸಿ, ಯಾರು ಬೇಕಾದರೂ ಬಳಸಬಹುದಾದ ಉಚಿತ ಸಾಫ್ಟ್‌ವೇರ್ ಹಾಕಿದರು. ದಾಸ್ತಾನು ಪುಸ್ತಕದಲ್ಲಿ ಹಳೆಯ ಸಾಫ್ಟ್‌ವೇರ್ ನಮೂದಾಗಿದ್ದ ಪುಟಕ್ಕೆ ಇಂಕು ಚೆಲ್ಲಿದರು. ಸಹಜವಾಗಿ ಕಾಣಲೆಂದು ಅಂಗಿಗೂ ಸ್ವಲ್ಪ ಚೆಲ್ಲಿಕೊಂಡರು. ಫೋನಿನಲ್ಲಿದ್ದ ಮಿಲನ್‌ನ ಹೆಸರು ‘ಮೀನಿನ ಅಂಗಡಿ’ ಎಂದಾಯಿತು. ಕಂಪ್ಯೂಟರುಗಳ ಬೆನ್ನಿಗೆ ಅವನ ಅಂಗಡಿಯ ಸ್ಟಿಕ್ಕರ್ ಇತ್ತಲ್ಲ, ಅದನ್ನು ತೆಗೆಯಲು ಬಿಸಿಯೂಟದ ಲಿಂಗಮ್ಮನ ಹತ್ತಿರ ಕೊಬ್ಬರಿ ಎಣ್ಣೆ ಕೇಳಿದರು.

“ತಲೆಗಾ ಸಾರ್?”

“ಕಂಪ್ಯೂಟರಿಗೆ.”

“ಅದಕ್ಕೂ ತಲೆ ಬಿಸಿ ಆಗ್ತದಾ?” ಎನ್ನುತ್ತ ಲಿಂಗಮ್ಮ ಅರ್ಧ ಲೋಟ ಕೊಟ್ಟಳು.

ಸೋಮವಾರ ಬೆಳಿಗ್ಗೆಯೇ ತೀರ್ಥಪ್ರಸಾದರು ಕಂಪ್ಯೂಟರ್ ಕೋಣೆಯ ಬಾಗಿಲನ್ನು ಹೊರಗೋಡೆಗೆ ಒರಗುವಷ್ಟು ಅಗಲವಾಗಿ ತೆರೆದಿಟ್ಟರು. ಮುಚ್ಚುಮರೆ ಇಲ್ಲದವರ ಬಾಗಿಲು ಹಾಗಿರಬೇಕು. ಮಡಿಕೇರಿಯಿಂದ ಬಂದ ಅಧಿಕಾರಿ ಅಮೃತಾ, ದಾನಿಯ ಹೆಸರು ಬರೆದ ಕುರ್ಚಿಯಲ್ಲಿ ಕೂತು, ಇನ್ನೊಬ್ಬ ದಾನಿಯ ಹೆಸರು ಕೊರೆದ ಲೋಟದಲ್ಲಿ ಕಾಫಿ ಕುಡಿದರು. ಫ್ಯಾನಿನ ಮೂರು ರೆಕ್ಕೆಗೂ ಅದನ್ನು ಕೊಟ್ಟ ದೇರಪ್ಪನವರ ಹೆಸರಿತ್ತು. ಶಾಲೆಗೆ ಒಂದು ಚಮಚ ಕೊಟ್ಟವರನ್ನೂ ಮರೆಯಬಾರದು ಎಂಬುದು ತೀರ್ಥಪ್ರಸಾದರ ಹಟ.

ಅಮೃತಾ ಹತ್ತೂ ಕಂಪ್ಯೂಟರ್ ತಡಕಾಡಿದರು, ಏನೂ ಸಿಗಲಿಲ್ಲ. “ಯಾವಾಗಿಂದ ಇದೇ ಸಾಫ್ಟ್‌ವೇರ್?” ಎಂದಾಗ ಮಕ್ಕಳು “ಮೊದಲಿಂದ್ಲೂ ಮೇಡಂ” ಎಂದು ಮಗ್ಗಿಯ ರಾಗದಲ್ಲಿ ಹೇಳಿದವು.

“ಜಿಲ್ಲೆಗೇ ಮಾದರಿ ಸಾರ್ ನಿಮ್ಮ ಶಾಲೆ. ಹೀಗೇ ವರದಿ ಬರೀತೇನೆ.”

ತೀರ್ಥಪ್ರಸಾದರ ಎದೆ ಹಗುರಾಯಿತು. ಮನಸ್ಸು ಆಗಲೇ ಮಡಿಕೇರಿಯಲ್ಲಿ ಬಾಡಿಗೆ ಮನೆ ಹುಡುಕತೊಡಗಿತು.

“ಒಂದು ಫೋಟೋ ತೆಗೀತೇನೆ ಮೇಡಂ, ಇಲಾಖೆ ಗ್ರೂಪಿಗೆ ಹಾಕ್ಬೇಕಲ್ಲ. ಹೊರಗೆ ಬೆಳಕು ಚೆನ್ನಾಗಿದೆ.”

ಅವರು ಕಂಪ್ಯೂಟರ್ ಕೋಣೆಯ ಬಾಗಿಲನ್ನು ಎಳೆದು ಹಾಕಿ, ಅದರ ಮುಂದೆ ಅಮೃತಾರನ್ನೂ ಮಕ್ಕಳನ್ನೂ ನಿಲ್ಲಿಸಿ, ಫೋಟೋ ತೆಗೆದು ಆಗಲೇ ಕಳಿಸಿಬಿಟ್ಟರು. ಅಮೃತಾ ತಮ್ಮ ಫೋನಿನಲ್ಲಿ ಚಿತ್ರ ತೆರೆದರು, ಬೆರಳಿಂದ ದೊಡ್ಡದು ಮಾಡಿದರು, ಆಮೇಲೆ ಮೆಲ್ಲಗೆ ಹಿಂದೆ ತಿರುಗಿ ಬಾಗಿಲನ್ನೇ ನೋಡಿದರು. ಎರಡು ವರ್ಷದಿಂದ ದಿನಾ ಕಂಡು ಕಂಡು ತೀರ್ಥಪ್ರಸಾದರ ಕಣ್ಣಿಗೆ ಕಾಣದೇ ಹೋಗಿದ್ದ, ಅವರೇ ನಿಂತು ಬರೆಸಿದ ಕೆಂಪು ಅಕ್ಷರಗಳು ಅಲ್ಲಿ ಹೊಳೆಯುತ್ತಿದ್ದವು: ‘ಒಂದೇ ಪ್ರತಿಯಿಂದ ಹತ್ತೂ ಕಂಪ್ಯೂಟರಿಗೆ ಸಾಫ್ಟ್‌ವೇರ್ ತುಂಬಿಕೊಟ್ಟ ದಾನಿ ಶ್ರೀ ಮಿಲನ್, ಮೂರ್ನಾಡು, ಇವರಿಗೆ ಮುಖ್ಯಶಿಕ್ಷಕರ ಕೃತಜ್ಞತೆಗಳು.’