ಕಣ್ಣು ಬಿಡದ ಲ್ಯಾಪ್‌ಟಾಪ್

"ಇವ್ನೇ ಮಿಸ್ ನೀರ್ ಹಾಕಿದ್ದು!"

ಸಿದ್ಧಿಯ ಬೆರಳು ಪಾಲಾಕ್ಷನ ಮೂಗಿನ ಹತ್ತಿರ ಹೋಗಿ ನಿಂತಿತು. ಐದನೇ ಕ್ಲಾಸಿನ ಹದಿನಾರು ಮಕ್ಕಳೂ ಅವನ ಕಡೆ ತಿರುಗಿದರು.

"ನೀರಲ್ಲ ಮಿಸ್, ತೀರ್ಥ," ಅಂದ ಪಾಲಾಕ್ಷ. "ಮಾವಿನೆಲೇಲಿ ಒಂಚೂರು ಚಿಮುಕ್ಸಿದ್ದು ಅಷ್ಟೆ. ಎಲ್ಲಾದ್ಕೂ ಚಿಮುಕ್ಸಿದ್ದೆ. ಬೀರೂಗೂ..."

"ಬೀರು ಕೆಡಲ್ಲ ಕಣೋ, ಲ್ಯಾಪ್‌ಟಾಪ್ ಕೆಡ್ತದೆ!" ಅಂದಳು ಸಿದ್ಧಿ.

ಕ್ಲಾಸು ಗೊಳ್ಳೆಂದು ನಕ್ಕಿತು.

ದಸರಾ ರಜಕ್ಕೆ ಮುಂಚಿನ ದಿನ ಶಾಲೆಯಲ್ಲಿ ಆಯುಧಪೂಜೆ ಆಗಿತ್ತು. ಗಂಟೆ, ಬೀರು, ಬಿಸಿಯೂಟದ ಕುಕ್ಕರು, ಎಲ್ಲದರ ಜೊತೆ ಲ್ಯಾಪ್‌ಟಾಪಿಗೂ ಅರಿಶಿನ ಕುಂಕುಮ ಸಿಕ್ಕಿತ್ತು. ಹಾಸನದ ಆಫೀಸೊಂದರವರು ಹಳೇದಾಯ್ತು ಅಂತ ಕೊಟ್ಟ ಲ್ಯಾಪ್‌ಟಾಪು ಅದು. ಇಡೀ ಶಾಲೆಗೆ ಇದ್ದದ್ದು ಅದೊಂದೇ. ರಜ ಮುಗಿಸಿ ಬಂದು ಆನ್ ಮಾಡಿದರೆ ಒಳಗೆ ಫ್ಯಾನು ಗುಂಯ್ ಅನ್ನುತ್ತದೆ, ಬದಿಯಲ್ಲಿ ಪುಟ್ಟ ಲೈಟು ಉರಿಯುತ್ತದೆ, ಸ್ಕ್ರೀನು ಮಾತ್ರ ಕಾಡಿಗೆ ಕಪ್ಪು.

ಗಂಗಾಂಬಿಕೆ ಮಿಸ್ ನಿಟ್ಟುಸಿರು ಬಿಟ್ಟರು. "ರಿಪೇರಿಯೋರನ್ನ ಕರೆಸ್ತೀನಿ. ಆಗ್ದಿದ್ರೆ ಗುಜರಿಗೇ ಸೈ. ಪಾಲಾಕ್ಷ, ನೀನು ಇನ್ಮೇಲೆ ಅದರ ಹತ್ರ ಹೋಗ್ಬೇಡಪ್ಪ."

ಕ್ಲಾಸಿನಲ್ಲಿ ಎಲ್ಲರಿಗಿಂತ ಬೇಗ ಟೈಪ್ ಮಾಡುತ್ತಿದ್ದವನು ಪಾಲಾಕ್ಷನೇ. ಅವನ ಸರದಿ ಬಂದಾಗ ಉಳಿದವರು ಸುಮ್ಮನೆ ನಿಂತು ನೋಡುತ್ತಿದ್ದರು. ಈಗ ಅವನಿಗೆ ಒಂದು ಅಡ್ಡಹೆಸರೂ ಬಂತು: ನೀರ್‌ಪಾಲಾಕ್ಷ. ಇಟ್ಟವಳು ಸಿದ್ಧಿ. ಹೆಸರು ಚೆನ್ನಾಗಿತ್ತು, ಅದಕ್ಕೇ ಸಂಜೆಯೊಳಗೆ ನಾಲ್ಕನೇ ಕ್ಲಾಸಿಗೂ ಹರಡಿತು. ನಲ್ಲಿ ಹತ್ತಿರ ಅವನು ಕೈ ತೊಳೆಯಲು ಹೋದರೆ, "ಲೇ, ಕೈ ಒರೆಸ್ಕೊಂಡು ಬಾರ್ಲಾ, ಏನಾದ್ರೂ ಕೆಟ್ಬುಟ್ಟಾತು!" ಅಂತ ಹುಡುಗರು ಕೂಗುತ್ತಿದ್ದರು.

ಗುರುವಾರ ಶಶಿಕುಮಾರ್ ಬಂದ. ಹೊಳೆನರಸೀಪುರ ಬಸ್‌ಸ್ಟ್ಯಾಂಡಿನ ಹತ್ತಿರ ಅವನದು ರಿಪೇರಿ ಅಂಗಡಿ. ಚಿಕ್ಕವನಿದ್ದಾಗ ಇದೇ ಶಾಲೆಯಲ್ಲಿ ಓದಿದವನು. ಮಕ್ಕಳು ಬೆಲ್ಲಕ್ಕೆ ಇರುವೆ ಮುತ್ತಿದ ಹಾಗೆ ಅವನನ್ನು ಮುತ್ತಿದರು. ಪಾಲಾಕ್ಷ ಒಬ್ಬ ಮಾತ್ರ ಹೊರಗೆ ಕಿಟಕಿಯ ಸರಳು ಹಿಡಿದುಕೊಂಡು ನಿಂತ.

ಶಶಿಕುಮಾರ್ ಲ್ಯಾಪ್‌ಟಾಪನ್ನು ಆನ್ ಮಾಡಿದ. ಫ್ಯಾನಿಗೆ ಕಿವಿ ಕೊಟ್ಟ. ಆಮೇಲೆ ಮೊಬೈಲಿನ ಟಾರ್ಚನ್ನು ಸ್ಕ್ರೀನಿಗೆ ಓರೆಯಾಗಿ ಹಿಡಿದು ಬಗ್ಗಿ ನೋಡಿದ.

"ಏನ್ ನೋಡ್ತಿದ್ದೀರಾ ಅಂಕಲ್?" ಕೇಳಿದಳು ಸಿದ್ಧಿ.

"ಸ್ಕ್ರೀನ್ ಹಿಂದೆ ಲೈಟ್ ಇರ್ತದೆ ಕಣವ್ವ. ಅದು ಹೋಗಿದ್ರೆ, ಟಾರ್ಚ್ ಬಿಟ್ಟಾಗ ಚಿತ್ರ ಮಬ್ಬುಮಬ್ಬಾಗಾದ್ರೂ ಕಾಣ್ಬೇಕು. ಇಲ್ಲಿ ಏನೂ ಇಲ್ವಲ್ಲ..."

ಅವನು ಚೀಲದಿಂದ ಒಂದು ವೈರು ತೆಗೆದು ಲ್ಯಾಪ್‌ಟಾಪನ್ನು ಕ್ಲಾಸಿನ ಟಿವಿಗೆ ಸಿಕ್ಕಿಸಿದ. ಒಂದು, ಎರಡು, ಮೂರು... ಟಿವಿಯಲ್ಲಿ ಹಸಿರು ಗುಡ್ಡದ ಚಿತ್ರ ಮೂಡಿತು!

"ಹೋ!" ಅಂತ ಮಕ್ಕಳು ಬೆಂಚು ಬಡಿದರು.

"ಸತ್ತಿಲ್ಲ ಕಣ್ರಲಾ, ಗಟ್ಟಿಮುಟ್ಟಾಗದೆ," ಅಂದ ಶಶಿಕುಮಾರ್. "ಮೇಡಂ, ನೀರಿಂದ ಕೆಟ್ಟಂಗೆ ಕಾಣಲ್ಲ ಇದು. ಚಿತ್ರ ಟಿವಿಗೆ ಮಾತ್ರ ಬತ್ತದೆ ಅಂದ್ರೆ, ಮುಚ್ಚಳ ತೆಗ್ದಿದ್ರೂ ಲ್ಯಾಪ್‌ಟಾಪು ಇನ್ನೂ ಮುಚ್ಚವ್ರೆ ಅನ್ಕಂಡದೆ. ಅಂಗ್ಯಾಕೆ?"

ಕೀ ಬೋರ್ಡಿನ ಕೆಳಗೆ, ಕೈ ಊರುವ ಜಾಗದ ಮೂಲೆಯಲ್ಲಿ, ಪದ್ಮಾವತಿ ಅಮ್ಮನವರ ಪುಟ್ಟ ಚಿತ್ರ ಅಂಟಿಕೊಂಡಿತ್ತು. ಶಶಿಕುಮಾರನ ಬೆರಳು ಅಲ್ಲಿಗೆ ಹೋಯಿತು.

"ಅಂಕಲ್, ದೇವ್ರು! ಕೀಳ್ಬೇಡಿ!" ಅಂತ ನಾಲ್ಕೈದು ಮಕ್ಕಳು ಕೂಗಿದರು.

ಅದನ್ನು ಎಲ್ಲರೂ ನೋಡಿದ್ದರು. ಮಿಸ್ ಅಂಟಿಸಿರಬೇಕು ಅಂತ ಮಕ್ಕಳು, ಮಕ್ಕಳು ಅಂಟಿಸಿರಬೇಕು ಅಂತ ಮಿಸ್. ದೇವರೆಂದ ಮೇಲೆ ಕೇಳುವುದೇನು? ಧೂಳು ಹೊಡೆಯುವಾಗಲೂ ಮಿಸ್ ಅದನ್ನು ಬಿಟ್ಟು ಸುತ್ತ ಒರೆಸುತ್ತಿದ್ದರು.

"ತಪ್ಪಾಯ್ತು ತಾಯಿ," ಅಂತ ಶಶಿಕುಮಾರ್ ಕೈಮುಗಿದು ಉಗುರಿನಿಂದ ಮೆಲ್ಲಗೆ ಎಬ್ಬಿಸಿದ. ಚಿತ್ರ ಕೈಗೆ ಬಂತು. ಸ್ಕ್ರೀನು ಫಳ್ಳನೆ ಬೆಳಗಿತು.

ಮಕ್ಕಳು ಬೆಂಚು ಹತ್ತಿ ಕತ್ತು ಚಾಚಿದರು.

"ನೋಡಿ, ಇದು ಫ್ರಿಜ್ಜಿಗೆ ಅಂಟ್ಸೋದು. ಹಿಂದ್ಗಡೆ ಮ್ಯಾಗ್ನೆಟ್ ಅದೆ. ಲ್ಯಾಪ್‌ಟಾಪ್ ಮುಚ್ಚಳದಾಗೂ ಒಂದು ಮ್ಯಾಗ್ನೆಟ್ ಇರ್ತದೆ. ಮುಚ್ಚಿದಾಗ ಅದು ಈ ಮೂಲೆ ಹತ್ರ ಬತ್ತದೆ, ಸ್ಕ್ರೀನ್ ಆಫ್ ಆಯ್ತದೆ. ಇದು ಇಲ್ಲೇ ಕೂತಿತ್ತಲ್ಲ, ಪಾಪ, ಲ್ಯಾಪ್‌ಟಾಪ್ ಕಣ್ಣೇ ಬಿಟ್ಟಿಲ್ಲ. ಯಾರು ಅಂಟ್ಸಿದ್ದು?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಿದ್ಧಿಯ ಕಿವಿ ಬಿಸಿಯಾಯಿತು.

ಆ ಚಿತ್ರವನ್ನು ಶ್ರವಣಬೆಳಗೊಳದ ಮಾವ ಅವಳಿಗೆ ಕೊಟ್ಟಿದ್ದರು. ಪೂಜೆಯ ದಿನ ಎಲ್ಲರೂ ಕಡ್ಲೆಪುರಿಗೆ ಓಡಿದಾಗ, ಲ್ಯಾಪ್‌ಟಾಪು ನೂರು ವರ್ಷ ಚೆನ್ನಾಗಿರಲಿ ಅಂತ ಬೇಡಿಕೊಂಡು, ಎರಡೂ ಕಡೆ ಗಮ್ಮಿರುವ ಟೇಪು ಹಾಕಿ ಅವಳೇ ಒತ್ತಿ ಅಂಟಿಸಿದ್ದಳು.

"ಯಾರೋ ಭಕ್ತಿಯಿಂದ ಅಂಟ್ಸವ್ರೆ, ಬುಡಿ," ಅಂತ ಶಶಿಕುಮಾರ್ ನಕ್ಕ. ಮಿಸ್ಸೂ ನಕ್ಕರು. "ಗುಜರಿ ತಪ್ತಲ್ಲ, ಅಷ್ಟು ಸಾಕು. ಯಾರು ಮೊದಲು ಕೂರ್ತೀರ? ಸಿದ್ಧಿ, ಬಾ."

ಬಚಾವ್! ಯಾರಿಗೂ ಗೊತ್ತಾಗುವುದಿಲ್ಲ. ಸಿದ್ಧಿ ಹೋಗಿ ಕೂತಳು. ಕೀ ಬೋರ್ಡಿನ ಮೇಲೆ ಬೆರಳಿಟ್ಟಳು. ತನ್ನ ಹೆಸರಿನ ಮೊದಲ ಅಕ್ಷರ ಎಲ್ಲಿದೆ ಅನ್ನುವುದೇ ಮರೆತುಹೋಯಿತು. ತಲೆ ಎತ್ತಿದರೆ ಎದುರಿಗೆ ಕಿಟಕಿ. ಪಾಲಾಕ್ಷ ಅವಳನ್ನು ನೋಡುತ್ತಿರಲಿಲ್ಲ. ಬೆಳಗಿದ ಸ್ಕ್ರೀನನ್ನೇ ನೋಡುತ್ತಿದ್ದ, ಖುಷಿಯಾಗಿ ನಗುತ್ತಲೂ ಇದ್ದ. ಅವನು ಅಳುತ್ತಿದ್ದರೂ ಪರವಾಗಿರಲಿಲ್ಲ ಅನ್ನಿಸಿತು ಸಿದ್ಧಿಗೆ. ನಗುತ್ತಿದ್ದಾನಲ್ಲ!

ಅವಳು ಎದ್ದು ನಿಂತಳು.

"ಮಿಸ್, ಅಂಟ್ಸಿದ್ದು ನಾನು."

ಒಂದು ಸಲ ಹೊರಬಿದ್ದ ಮೇಲೆ ಮಾತು ನಿಲ್ಲಲಿಲ್ಲ. "ಪಾಲಾಕ್ಷಂದು ಏನೂ ತಪ್ಪಿಲ್ಲ ಮಿಸ್. ಆ ಹೆಸ್ರು ಇಟ್ಟಿದ್ದೂ ನಾನೇ. ಸಾರಿ ಕಣೋ."

ಮಿಸ್ ಬೈಯಲಿಲ್ಲ. ಕಿಟಕಿಯ ಕಡೆ ತಿರುಗಿ, "ಪಾಲಾಕ್ಷ, ನಂದೂ ತಪ್ಪಾಯ್ತು ಕಣೋ. ಒಳಗ್ ಬಾ," ಅಂದರು.

ಪಾಲಾಕ್ಷ ಬಂದ. ಸಿದ್ಧಿ ಬೆಂಚಿನಲ್ಲಿ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಅವನು ಕೂತ, ಆದರೆ ಕೀ ಬೋರ್ಡ್ ಮುಟ್ಟಲಿಲ್ಲ. ಮೊದಲು ಅಂಗೈಗಳನ್ನು ಅಂಗಿಗೆ ಒರೆಸಿಕೊಂಡ. ತಿರುಗಿಸಿ ನೋಡಿದ. ಮತ್ತೆ ಚಡ್ಡಿಗೆ ಒರೆಸಿಕೊಂಡ. ಬೆರಳ ಸಂದಿಗಳನ್ನು ಒಂದೊಂದಾಗಿ ಒರೆಸಿದ.

ಅವನ ಕೈ ಒದ್ದೆಯಾಗಿರಲೇ ಇಲ್ಲ.

ನಲ್ಲಿ ಹತ್ತಿರ ಹುಡುಗರು ಕೂಗುತ್ತಿದ್ದದ್ದು ಸಿದ್ಧಿಗೆ ನೆನಪಾಯಿತು. ಸಾರಿ ಅಂದಾಗ ಎಲ್ಲ ಮುಗಿಯಿತು ಅಂದುಕೊಂಡಿದ್ದಳು. ಅವನು ಮೂರನೇ ಸಲ ಕೈ ಅಂಗಿಗೆ ತರುವಷ್ಟರಲ್ಲಿ ಅವಳು ಆ ಕೈ ಹಿಡಿದುಕೊಂಡಳು.

"ಒಣಗೈತೆ ಕಣೋ," ಅಂದಳು ಮೆಲ್ಲಗೆ. "ಟೈಪ್ ಮಾಡು."